ಹಾದಿಯ ನಡುವಿನ ಊರು: ಅಯೋವಾದ ಪೋಸ್ಟ್‌ವಿಲ್ ಮತ್ತು ಅದರ ಜನ

ಅಯೋವಾ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಮಿಸಿಸಿಪ್ಪಿ ನದಿಯಿಂದ ಪಶ್ಚಿಮಕ್ಕೆ ಸುಮಾರು 25 ಮೈಲಿ ದೂರದಲ್ಲಿ, ಪೋಸ್ಟ್‌ವಿಲ್ ಎಂಬ ಊರೊಂದಿದೆ. ಊರಿನ ಒಂದು ಭಾಗ ಅಲಮಕೀ ಕೌಂಟಿಗೆ ಸೇರಿದ್ದರೆ ಇನ್ನೊಂದು ಭಾಗ ಕ್ಲೇಟನ್ ಕೌಂಟಿಗೆ ಸೇರಿದೆ. 2020ರ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆ 2,503. ಇಷ್ಟು ಚಿಕ್ಕದಾದರೂ ಕಾನೂನಿನ ಭಾಷೆಯಲ್ಲಿ ಇದು ‘ಸಿಟಿ’. ಕರ್ನಾಟಕದಲ್ಲಿ ಪಟ್ಟಣ ಪಂಚಾಯತಿ ಎನ್ನಿಸಿಕೊಳ್ಳುವುದಕ್ಕೇ ಹತ್ತು ಸಾವಿರ ಜನ ಬೇಕು. ಅಯೋವಾದಲ್ಲಾದರೋ ಸ್ವಂತ ಪುರಸಭೆಯನ್ನು ಕಟ್ಟಿಕೊಂಡ ಊರೆಲ್ಲವೂ ಸಿಟಿಯೇ. ಅಂಥವು ರಾಜ್ಯದಲ್ಲಿ ಒಂಬೈನೂರಕ್ಕೂ ಹೆಚ್ಚಿವೆ. ಅವುಗಳಲ್ಲಿ ಬಹುಪಾಲು ಊರುಗಳ ಹೆಸರನ್ನು ಪಕ್ಕದ ಕೌಂಟಿಯವರೂ ಕೇಳಿರಲಾರರು. ಪೋಸ್ಟ್‌ವಿಲ್ಲಿನ ಹೆಸರು ಮಾತ್ರ ಒಮ್ಮೆ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಅದು ಏಕೆ ಅಚ್ಚಾಯಿತು, ಅದಕ್ಕೆ ಮೊದಲು ಈ ಊರಿನಲ್ಲಿ ಯಾರು ಯಾರು ಬಂದು ನೆಲೆಸಿದರು, ಆಮೇಲೆ ಯಾರು ಉಳಿದರು ಎಂಬುದನ್ನು ನನಗೆ ತಿಳಿದಮಟ್ಟಿಗೆ ಹೇಳುವುದು ಈ ಲೇಖನದ ಉದ್ದೇಶ.

ಸಮ್ಮೇಳನದ ಸ್ಮರಣ ಸಂಚಿಕೆಗೆ ಇಂಥ ವಿಷಯವೇಕೆ ಎಂದು ಕೆಲವರಾದರೂ ಹುಬ್ಬೇರಿಸಬಹುದು. ನಾವು ಇಲ್ಲಿ ಸೇರಿದಾಗಲೆಲ್ಲ ಹಂಪೆಯನ್ನೂ ಹಳೇಬೀಡನ್ನೂ ನೆನೆಯುತ್ತೇವೆ; ಅದು ಸಹಜ, ಸರಿಯೂ ಹೌದು. ಆದರೆ ಮೂವತ್ತು ವರ್ಷಗಳಿಂದ ಅನ್ನ ಕೊಟ್ಟ ನೆಲದ ಚರಿತ್ರೆಯನ್ನು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಬಾಯಿ ಬಿಡಬಲ್ಲೆವು? ಡುಬ್ಯೂಕಿನಿಂದ ಮಿನಿಯಾಪೊಲಿಸ್ ಕಡೆಗೆ 52ನೆಯ ನಂಬರಿನ ಹೆದ್ದಾರಿಯಲ್ಲಿ ಹೋಗುವ ನಮ್ಮಂಥವರು ಈ ಊರನ್ನು ಎಷ್ಟೋ ಬಾರಿ ದಾಟಿದ್ದೇವೆ. ಯುಗಾದಿಗೆ, ರಾಜ್ಯೋತ್ಸವಕ್ಕೆ, ರಾಚೆಸ್ಟರಿನ ಆಸ್ಪತ್ರೆಯಲ್ಲಿರುವ ಬಂಧುಗಳನ್ನು ನೋಡುವುದಕ್ಕೆ ಹೋಗುವಾಗ ನಾನೂ ದಾಟಿದ್ದೇನೆ. ಪೆಟ್ರೋಲ್ ಹಾಕಿಸಿಕೊಳ್ಳುವುದಕ್ಕಲ್ಲದೆ ಬೇರೆ ಕಾರಣಕ್ಕೆ ಅಲ್ಲಿ ಇಳಿದದ್ದು ಬಹಳ ತಡವಾಗಿ.

ಅಯೋವಾ ಎಂದೊಡನೆ ಕಣ್ಣ ಮುಂದೆ ಬರುವುದು ತಟ್ಟೆಯಂತೆ ಸಮತಟ್ಟಾದ ಜೋಳದ ಹೊಲಗಳು. ಈಶಾನ್ಯ ಮೂಲೆ ಹಾಗಲ್ಲ. ಹಿಮಯುಗದ ಕೊನೆಯ ಘಟ್ಟದಲ್ಲಿ ಉತ್ತರದಿಂದ ಇಳಿದುಬಂದ ಹಿಮರಾಶಿ ಈ ಪ್ರದೇಶವನ್ನು ಮುಟ್ಟದೆ ಎರಡೂ ಪಕ್ಕದಲ್ಲಿ ಹಾದುಹೋದ ಕಾರಣ ಇಲ್ಲಿಯ ಗುಡ್ಡ ಕಣಿವೆಗಳು ಸವೆದು ಚಪ್ಪಟೆಯಾಗದೆ ಉಳಿದವು. ಸುಣ್ಣಕಲ್ಲಿನ ದಿಬ್ಬಗಳು, ಅವುಗಳ ಸಂದಿಯಲ್ಲಿ ತಣ್ಣನೆಯ ತೊರೆಗಳು, ಇಳಿಜಾರಿನಲ್ಲಿ ಮೇಯುವ ಹಸುಗಳು, ಇವನ್ನು ಕಂಡಾಗ ಮಲೆನಾಡಿನ ಅಂಚಿನವರಿಗೆ ಅಷ್ಟಿಷ್ಟು ಊರು ನೆನಪಾದರೆ ಆಶ್ಚರ್ಯವಿಲ್ಲ. ಮಿಸಿಸಿಪ್ಪಿಯ ದಂಡೆಯ ಎತ್ತರದಲ್ಲಿ ಸುಮಾರು ಸಾವಿರ ವರ್ಷಗಳ ಹಿಂದಿನ ಜನ ಮಣ್ಣಿನಿಂದ ರಚಿಸಿದ ಕರಡಿಯಾಕಾರದ, ಹಕ್ಕಿಯಾಕಾರದ ದಿಬ್ಬಗಳಿವೆ. ಇನ್ನೂರಕ್ಕೂ ಹೆಚ್ಚು ದಿಬ್ಬಗಳಿರುವ ಆ ಸ್ಥಳವನ್ನು 1949ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು. ನೆಲ ಖಾಲಿಯಾಗಿತ್ತು, ನಾವು ಬಂದು ಉತ್ತೆವು ಎಂದು ಇಲ್ಲಿಯ ಹಳಬರು ಹೇಳಿಕೊಳ್ಳುವ ಕಥೆಗೆ ಆ ಕರಡಿಗಳು ಮೌನವಾಗಿಯೇ ಉತ್ತರ ಕೊಡುತ್ತವೆ.

ಊರು ಹುಟ್ಟಿದ್ದು ಒಂದು ವಲಸೆಯ ಫಲವಾಗಿ. ಅದೂ ಬಲವಂತದ ವಲಸೆ. ವಿಸ್ಕಾನ್ಸಿನ್ನಿನ ಹೋ-ಚಂಕ್ ಜನರನ್ನು, ಆ ಕಾಲದ ಕಾಗದಪತ್ರಗಳಲ್ಲಿ ವಿನ್ನೆಬೇಗೊ ಎಂದು ಕರೆಯಲಾಗುತ್ತಿದ್ದವರನ್ನು, ಸರ್ಕಾರ 1832ರ ಒಪ್ಪಂದದ ಮೂಲಕ ನದಿಯ ಈಚೆಗೆ ದಬ್ಬಿತು. ಅವರಿಗೆ ಕೊಟ್ಟದ್ದು ‘ನ್ಯೂಟ್ರಲ್ ಗ್ರೌಂಡ್’ ಎಂಬ 40 ಮೈಲಿ ಅಗಲದ ಪಟ್ಟಿ. ಉತ್ತರದಲ್ಲಿ ಡಕೋಟಾ ಜನ, ದಕ್ಷಿಣದಲ್ಲಿ ಸಾಕ್ ಮತ್ತು ಮೆಸ್ಕ್ವಾಕಿ ಜನ. ಈ ಎರಡು ಪಂಗಡಗಳ ನಡುವಣ ಜಗಳ ತಪ್ಪಿಸಲೆಂದು ಗೆರೆ ಎಳೆದು ಬಿಟ್ಟಿದ್ದ ನೆಲವದು. ಜಗಳವಾಡುವ ಇಬ್ಬರ ನಡುವೆ ಮೂರನೆಯವನನ್ನು ತಂದು ಕೂರಿಸಿದರೆ ಆತ ನೆಮ್ಮದಿಯಿಂದ ಇರುವುದೆಂತು? ಆದ್ದರಿಂದ 1840ರಲ್ಲಿ ಟರ್ಕಿ ನದಿಯ ಬಳಿ ಫೋರ್ಟ್ ಅಟ್ಕಿನ್ಸನ್ ಎಂಬ ಕೋಟೆಯನ್ನು ಕಟ್ಟಲಾಯಿತು. ಮೂಲನಿವಾಸಿಗಳ ಒಂದು ಪಂಗಡವನ್ನು ಇತರ ಪಂಗಡಗಳಿಂದ ಕಾಯುವುದಕ್ಕಾಗಿ ಅಮೆರಿಕದ ಸೈನ್ಯ ಕಟ್ಟಿದ ಕೋಟೆ ಎಂಬುದು ಇದರ ವೈಶಿಷ್ಟ್ಯ. ಕಾವಲು ಎಂದರೆ ಹೊರಗಿನವರು ಒಳಬರದಂತೆ ನೋಡುವುದು ಮಾತ್ರವಲ್ಲ, ಒಳಗಿನವರು ವಿಸ್ಕಾನ್ಸಿನ್ನಿಗೆ ಹಿಂದಿರುಗದಂತೆ ನೋಡುವುದೂ ಆಗಿತ್ತು.

ಪ್ರೇರಿ ಡು ಶೀನ್‌ನ ಫೋರ್ಟ್ ಕ್ರಾಫರ್ಡಿನಿಂದ ಈ ಹೊಸ ಕೋಟೆಗೆ ಸುಮಾರು 50 ಮೈಲಿ. ಸಾಮಾನಿನ ಗಾಡಿಗಳು ಒಂದೇ ದಿನದಲ್ಲಿ ಮುಟ್ಟಲಾರದ ದಾರಿ. ನಡುವೆ ಒಂದು ತಂಗುದಾಣ ಬೇಕಾಯಿತು. ಜೋಯೆಲ್ ಪೋಸ್ಟ್ ಎಂಬಾತ 1840ರ ದಶಕದ ಆರಂಭದಲ್ಲಿ ಸೈನ್ಯದ ಅನುಮತಿ ಪಡೆದು, ಪತ್ನಿಯೊಡನೆ ಬಂದು, ಈ ಹಾದಿಯ ನಡುಭಾಗದಲ್ಲಿ ಮರದ ದಿಮ್ಮಿಗಳ ಮನೆಯೊಂದನ್ನು ಕಟ್ಟಿದ. ಗಾಡಿಯವರಿಗೆ ಊಟ, ರಾತ್ರಿಗೆ ಮಲಗಲು ಜಾಗ, ಕುದುರೆಗಳಿಗೆ ಮೇವು. ನಮ್ಮ ಹಳೆಯ ಹೆದ್ದಾರಿಗಳ ಪಕ್ಕದಲ್ಲಿದ್ದ ಛತ್ರದಂಥದು, ದುಡ್ಡು ತೆಗೆದುಕೊಳ್ಳುವ ಛತ್ರ ಎನ್ನಬಹುದು. ಪೋಸ್ಟ್‌ವಿಲ್ ಎಂಬ ಹೆಸರಿನ ಮೂಲ ಇದೇ. ಅಂಚೆ ಕಚೇರಿಯಿಂದ ಬಂದ ಹೆಸರೆಂದು ನಾನು ಬಹುಕಾಲ ಭಾವಿಸಿದ್ದೆ.

ಅಯೋವಾ 1846ರ ಡಿಸೆಂಬರ್‌ನಲ್ಲಿ ರಾಜ್ಯವಾಯಿತು. ಅದೇ ವರ್ಷದ ಇನ್ನೊಂದು ಒಪ್ಪಂದದಂತೆ ಹೋ-ಚಂಕರು ಈ ನೆಲವನ್ನೂ ಬಿಡಬೇಕಾಯಿತು. 1848ರಲ್ಲಿ ಅವರನ್ನು ಮಿನೆಸೋಟಾಕ್ಕೆ ಸಾಗಿಸಲಾಯಿತು. ಮರುವರ್ಷ ಕೋಟೆಯ ದಂಡೂ ಎದ್ದುಹೋಯಿತು. ಕಾಯುವುದಕ್ಕೆ ಯಾರೂ ಇಲ್ಲದ ಮೇಲೆ ಕೋಟೆಯೇಕೆ? ಉಳಿದದ್ದು ಹಾದಿ, ಹಾದಿಯ ಪಕ್ಕದ ಛತ್ರ.

ಆಮೇಲಿನ ಚರಿತ್ರೆ ಮಧ್ಯಪಶ್ಚಿಮದ ನೂರಾರು ಊರುಗಳ ಚರಿತ್ರೆಯಂತೆಯೇ. 1860ರ ದಶಕದಲ್ಲಿ ರೈಲು ಬಂತು. ಪೂರ್ವ ರಾಜ್ಯಗಳ ಯಾಂಕಿಗಳು, ಅವರ ಹಿಂದೆಯೇ ಜರ್ಮನರು, ನಾರ್ವೆಯವರು, ಐರಿಷರು ಬಂದು ಗೋಧಿ ಬೆಳೆದರು, ಗೋಧಿ ಕೈಕೊಟ್ಟಾಗ ಹಸು ಕಟ್ಟಿದರು. ಪಕ್ಕದ ಡೆಕೋರಾ ನಾರ್ವೆಯವರ ರಾಜಧಾನಿಯಂತಾಯಿತು. ಪೋಸ್ಟ್‌ವಿಲ್ ಸುತ್ತ ಜರ್ಮನ್ ಲೂಥರನ್ನರು ದಟ್ಟವಾದರು. ಊರಿಗೊಂದು ಹಾಲಿನ ಕೇಂದ್ರ, ಎರಡು ಮೂರು ಚರ್ಚು, ಬ್ಯಾಂಕು, ಪತ್ರಿಕೆ.

ಈ ಊರಿನ ಒಬ್ಬ ಹುಡುಗನ ಬಗೆಗೆ ಮಾತ್ರ ನಿಂತು ಹೇಳಬೇಕು. ಜಾನ್ ಆರ್. ಮಾಟ್ ಹುಟ್ಟಿದ್ದು 1865ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ. ಕೆಲವೇ ತಿಂಗಳ ಕೂಸಾಗಿದ್ದಾಗ ಮನೆಯವರು ಪೋಸ್ಟ್‌ವಿಲ್ಲಿಗೆ ಬಂದರು. ತಂದೆ ಮರದ ವ್ಯಾಪಾರಿ, ಊರಿನ ಪ್ರಥಮ ಮೇಯರ್. ಹದಿನಾರನೆಯ ವಯಸ್ಸಿನಲ್ಲಿ ಓದಿಗೆಂದು ಊರು ಬಿಟ್ಟ ಈ ಹುಡುಗ ಮುಂದೆ ವೈ.ಎಂ.ಸಿ.ಎ. ಮತ್ತು ಜಾಗತಿಕ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟದ ಮುಖಂಡನಾಗಿ ಪ್ರಪಂಚವನ್ನು ಹಲವು ಬಾರಿ ಸುತ್ತಿದರು; 1946ರಲ್ಲಿ ಎಮಿಲಿ ಬಾಲ್ಚ್ ಅವರೊಡನೆ ನೊಬೆಲ್ ಶಾಂತಿ ಪಾರಿತೋಷಕ ಹಂಚಿಕೊಂಡರು. ಭಾರತಕ್ಕೂ ಹಲವು ಸಲ ಬಂದಿದ್ದರು. 1938ರ ಡಿಸೆಂಬರ್‌ನಲ್ಲಿ ಮದರಾಸಿನ ಪಕ್ಕದ ತಾಂಬರಂನಲ್ಲಿ ನಡೆದ ಅಂತರರಾಷ್ಟ್ರೀಯ ಮಿಷನರಿ ಸಮ್ಮೇಳನದ ಅಧ್ಯಕ್ಷರು ಅವರೇ. ಅದಕ್ಕೆ ಮುನ್ನ ಸೇಗಾಂವಿಗೆ ಹೋಗಿ ಗಾಂಧೀಜಿಯವರನ್ನು ಕಂಡು ಮಾತನಾಡಿದರು. ಮತಾಂತರದ ವಿಷಯದಲ್ಲಿ ಇಬ್ಬರಿಗೂ ಒಮ್ಮತವಿರಲಿಲ್ಲ. ಆದರೂ ಮಾತುಕತೆಯನ್ನು ಇಬ್ಬರೂ ಬಿಡಲಿಲ್ಲ. ಪೋಸ್ಟ್‌ವಿಲ್ಲಿನ ಪ್ರೌಢಶಾಲೆಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ಜಗತ್ತನ್ನು ನೋಡಲು ಈ ಊರಿನಿಂದ ಹೊರಟವರು ಮಾಟ್. ಜಗತ್ತೇ ಈ ಊರಿಗೆ ಬಂದದ್ದು ಅವರು 1955ರಲ್ಲಿ ತೀರಿಕೊಂಡು ಬಹಳ ವರ್ಷಗಳಾದ ಮೇಲೆ.

ನುಡಿಯ ವಿಷಯಕ್ಕೆ ಸಂಬಂಧಿಸಿದ ಇನ್ನೊಂದು ಪ್ರಕರಣವನ್ನು ಕನ್ನಡಿಗರ ಮುಂದೆ ಹೇಳದೆ ಮುಂದುವರಿಯುವುದು ನನ್ನಿಂದಾಗದು. ಇದು ಪೋಸ್ಟ್‌ವಿಲ್ಲಿನದಷ್ಟೇ ಅಲ್ಲ, ಇಡೀ ಅಯೋವಾದ್ದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1918ರ ಮೇ 23ರಂದು, ರಾಜ್ಯಪಾಲ ವಿಲಿಯಂ ಹಾರ್ಡಿಂಗ್ ಒಂದು ಘೋಷಣೆ ಹೊರಡಿಸಿದರು. ಶಾಲೆಗಳಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ, ರೈಲುಗಳಲ್ಲಿ, ದೂರವಾಣಿಯಲ್ಲಿ, ಕೊನೆಗೆ ಚರ್ಚಿನ ಪ್ರಾರ್ಥನೆಯಲ್ಲಿಯೂ ಇಂಗ್ಲಿಷನ್ನು ಬಿಟ್ಟು ಬೇರೆ ಯಾವ ಭಾಷೆಯನ್ನೂ ಬಳಸಕೂಡದು! ಗುರಿ ಜರ್ಮನ್, ಏಟು ಬಿದ್ದದ್ದು ನಾರ್ವೆಜಿಯನ್, ಡೇನಿಷ್, ಚೆಕ್, ಡಚ್ ಭಾಷೆಗಳಿಗೂ. ಐವತ್ತು ವರ್ಷಗಳಿಂದ ಜರ್ಮನ್ನಿನಲ್ಲಿ ಪ್ರವಚನ ಕೇಳಿದ್ದ ಮುದುಕಿ ಒಂದು ಭಾನುವಾರ ಬಂದು ತನ್ನ ದೇವರು ಅಪರಿಚಿತ ಭಾಷೆಯಲ್ಲಿ ಮಾತನಾಡುವುದನ್ನು ಕೇಳಬೇಕಾಯಿತೆಂದರೆ ಆ ಸಂಕಟವನ್ನು ನಾವು ಊಹಿಸಬಲ್ಲೆವು. ಸ್ಕಾಟ್ ಕೌಂಟಿಯಲ್ಲಿ ದೂರವಾಣಿಯಲ್ಲಿ ಜರ್ಮನ್ ಆಡಿದ ರೈತಾಪಿ ಹೆಂಗಸರಿಗೆ 225 ಡಾಲರ್ ದಂಡ ಬಿತ್ತು. ಯುದ್ಧ ಮುಗಿದ ಮೇಲೆ ಶಾಲೆಗಳಿಗೆ ಸಂಬಂಧಿಸಿದಂತೆ ಇದೇ ಧಾಟಿಯ ಕಾನೂನೂ ಆಯಿತು. ಅದನ್ನು ಅಮೆರಿಕದ ಸುಪ್ರೀಂ ಕೋರ್ಟು 1923ರಲ್ಲಿ ತಳ್ಳಿಹಾಕಿತು. ಆ ಮೊಕದ್ದಮೆಗಳಲ್ಲೊಂದು ಈ ಕಡೆಯ ಬ್ರೆಮರ್ ಕೌಂಟಿಯ ಲೂಥರನ್ ಶಾಲೆಯ ಮೇಷ್ಟರೊಬ್ಬರದು. ಶನಿವಾರ ಭಾನುವಾರಗಳಂದು ನಮ್ಮ ಮಕ್ಕಳಿಗೆ ಅ ಆ ಇ ಈ ತಿದ್ದಿಸುವ ಕನ್ನಡ ಶಾಲೆಗಳು ಯಾರ ಭಯವೂ ಇಲ್ಲದೆ ನಡೆಯುತ್ತಿರುವುದರ ಹಿಂದೆ ಆ ಮೇಷ್ಟರ ಹಟವೂ ಇದೆ. ಆದರೆ ಜರ್ಮನ್ ಮಾತ್ರ ಚೇತರಿಸಿಕೊಳ್ಳಲಿಲ್ಲ. ಎರಡು ತಲೆಮಾರಿನಲ್ಲಿ ಅದು ಸಮಾಧಿಯ ಕಲ್ಲುಗಳ ಭಾಷೆಯಾಯಿತು.

ಈಗ ನೇರವಾಗಿ 1980ರ ದಶಕಕ್ಕೆ ಬರೋಣ. ಎಪ್ಪತ್ತರ ದಶಕದಲ್ಲಿ ಧಾನ್ಯದ ಬೆಲೆ ಏರಿ, ಬ್ಯಾಂಕುಗಳು ಕರೆದು ಕರೆದು ಸಾಲ ಕೊಟ್ಟು, ಭೂಮಿಯ ಬೆಲೆ ಆಕಾಶಕ್ಕೇರಿತ್ತು. ಆಮೇಲೆ ಬಡ್ಡಿಯ ದರ ಏರಿತು, ರಫ್ತು ಬಿತ್ತು. ಅಯೋವಾದಲ್ಲಿ 1981ರಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಇದ್ದ ಜಮೀನು 1986ಕ್ಕೆ 787 ಡಾಲರಿಗೆ ಇಳಿಯಿತು. ಸಾಲ ಹಾಗೆಯೇ ಇತ್ತು. ಅಡವಿಟ್ಟ ಭೂಮಿಯ ಬೆಲೆ ಮಾತ್ರ ಮೂರರಲ್ಲಿ ಒಂದಾಯಿತು. ಹರಾಜಿನ ಗಂಟೆ ಬಾರಿಸದ ಊರಿಲ್ಲ. ಹತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆ 29,13,808ರಿಂದ 27,76,755ಕ್ಕೆ ಇಳಿಯಿತು. ಓದಿದ ಮಕ್ಕಳು ಹೊರಟುಹೋದರು. ಪೋಸ್ಟ್‌ವಿಲ್ಲಿನ ಅಂಚಿನಲ್ಲಿದ್ದ ಹೈಗ್ರೇಡ್ ಮಾಂಸದ ಕಾರ್ಖಾನೆಯೂ ಬಾಗಿಲು ಹಾಕಿತು. 1990ರ ಗಣತಿಯಲ್ಲಿ ಊರಿನ ಜನ 1,472.

ಮಾಂಸದ ಉದ್ಯಮದ ಬಗೆಗೆ ಎರಡು ಮಾತು ಇಲ್ಲಿ ಅಗತ್ಯ. ಹಿಂದೆ ದನಗಳನ್ನು ರೈಲಿನಲ್ಲಿ ಚಿಕಾಗೋ, ಒಮಾಹಾದಂಥ ದೊಡ್ಡ ನಗರಗಳಿಗೆ ಸಾಗಿಸಿ ಅಲ್ಲಿ ಕೊಯ್ಯುತ್ತಿದ್ದರು. ಅಲ್ಲಿಯ ಕಟುಕರು ಸಂಘ ಕಟ್ಟಿ ಒಳ್ಳೆಯ ಸಂಬಳ ಪಡೆಯುತ್ತಿದ್ದರು. 1960ರಲ್ಲಿ ಅಯೋವಾದ ಡೆನಿಸನ್ನಿನಲ್ಲಿ ಹುಟ್ಟಿದ ಐ.ಬಿ.ಪಿ. ಎಂಬ ಸಂಸ್ಥೆ ಈ ಪದ್ಧತಿಯನ್ನು ತಲೆಕೆಳಗು ಮಾಡಿತು. ಕಾರ್ಖಾನೆ ದನವಿದ್ದಲ್ಲಿಗೇ ಹೋಯಿತು. ಒಬ್ಬ ನುರಿತ ಕಟುಕ ಮಾಡುತ್ತಿದ್ದ ಕೆಲಸವನ್ನು ಸಾಲಾಗಿ ನಿಂತ ಹತ್ತಾರು ಮಂದಿಗೆ ಹಂಚಲಾಯಿತು. ಪ್ರತಿಯೊಬ್ಬನಿಗೂ ದಿನವಿಡೀ ಒಂದೇ ಕಡಿತ. ಕುಶಲತೆ ಬೇಡವಾದಾಗ ಸಂಬಳ ಇಳಿಯಿತು, ಸಂಬಳ ಇಳಿದಾಗ ಸ್ಥಳೀಯರು ಬಿಟ್ಟರು, ಅವರು ಬಿಟ್ಟ ಜಾಗಕ್ಕೆ ಬೇರೆ ಕಡೆಯವರು ಬಂದರು. ಮಧ್ಯಪಶ್ಚಿಮದ ಸಣ್ಣ ಊರುಗಳಲ್ಲಿ ಸ್ಪ್ಯಾನಿಷ್ ಹೇಗೆ ಕೇಳಬಂತು ಎಂಬ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಇದರಲ್ಲಿದೆ.

ಪೋಸ್ಟ್‌ವಿಲ್ಲಿನ ಕಥೆಗೆ ಇನ್ನೊಂದು ತಿರುವು. 1987ರಲ್ಲಿ ಬ್ರೂಕ್ಲಿನ್ನಿನ ಮಾಂಸದ ವ್ಯಾಪಾರಿ ಆರನ್ ರುಬಾಶ್ಕಿನ್ ಅವರು ಹೈಗ್ರೇಡಿನ ಪಾಳು ಕಟ್ಟಡವನ್ನು ಕೊಂಡು ‘ಅಗ್ರಿಪ್ರೊಸೆಸರ್ಸ್’ ಎಂಬ ಹೆಸರಿನಲ್ಲಿ ಕೋಶರ್ ಮಾಂಸದ ಕಾರ್ಖಾನೆ ತೆರೆದರು. ಅವರು ಲುಬಾವಿಚ್ ಪಂಥದ ಹಸೀದಿಕ್ ಯೆಹೂದ್ಯರು. ಕೋಶರ್ ಎಂದರೆ ಯೆಹೂದ್ಯ ಧರ್ಮಶಾಸ್ತ್ರಕ್ಕೆ ಸಮ್ಮತವಾದ ಆಹಾರ. ನಮ್ಮ ಮಡಿಯ ಕಲ್ಪನೆಯನ್ನು ಬಲ್ಲವರಿಗೆ ಅದರ ಕಟ್ಟುನಿಟ್ಟು ಅರ್ಥವಾದೀತು. ಪ್ರಾಣಿಯನ್ನು ಕೊಯ್ಯುವವನು ಶಾಸ್ತ್ರ ಕಲಿತವನಾಗಿರಬೇಕು, ಚೂರಿಯ ಅಲಗಿನಲ್ಲಿ ಕೂದಲೆಳೆಯಷ್ಟೂ ಊನವಿರಕೂಡದು, ಶ್ವಾಸಕೋಶವನ್ನು ಮುಟ್ಟಿ ಪರೀಕ್ಷಿಸಬೇಕು, ರಕ್ತ ಹೋಗುವಂತೆ ಮಾಂಸವನ್ನು ಉಪ್ಪಿನಲ್ಲಿ ಇಡಬೇಕು. ಈ ಕೆಲಸಗಳಿಗೆ ರಬ್ಬಿಗಳು ಬೇಕು. ರಬ್ಬಿಗಳೆಂದ ಮೇಲೆ ಅವರ ಸಂಸಾರ, ಮಕ್ಕಳಿಗೆ ಶಾಲೆ, ಪ್ರಾರ್ಥನಾ ಮಂದಿರ, ಸ್ನಾನದ ಕೊಳ. ಹೀಗೆ ಹಂದಿ ಸಾಕುವ ರಾಜ್ಯದ ನಟ್ಟನಡುವೆ ಕಪ್ಪು ಟೋಪಿ, ಉದ್ದ ಕೋಟು, ಗಡ್ಡಗಳ ನೂರಾರು ಜನ ಬಂದು ನೆಲೆಸಿದರು. ಕಾಲಕ್ರಮದಲ್ಲಿ ಆ ಕಾರ್ಖಾನೆ ದೇಶದಲ್ಲೇ ಅತಿ ದೊಡ್ಡ ಕೋಶರ್ ಕಸಾಯಿಖಾನೆಯಾಯಿತು.

ಹಳಬರಿಗೂ ಹೊಸಬರಿಗೂ ತಿಕ್ಕಾಟ ತಪ್ಪಲಿಲ್ಲ. ಎದುರಿಗೆ ಸಿಕ್ಕರೆ ನಗುವುದಿಲ್ಲ, ಹುಲ್ಲು ಕತ್ತರಿಸುವುದಿಲ್ಲ, ಅಂಗಡಿಯಲ್ಲಿ ಚೌಕಾಸಿ ಮಾಡುತ್ತಾರೆ, ಪರಸ್ತ್ರೀಯರ ಕೈ ಕುಲುಕುವುದಿಲ್ಲ ಎಂಬುದು ಹಳಬರ ದೂರು. ಶತಮಾನಗಳಿಂದ ಅಟ್ಟಾಡಿಸಿಕೊಂಡವರು ನಾವು, ನಮ್ಮ ಪಾಡಿಗೆ ನಮ್ಮನ್ನು ಬಿಡಿ ಎಂಬುದು ಹೊಸಬರ ನಿಲುವು. ಈ ಪಟ್ಟಿಯನ್ನು ಓದಿದಾಗ ನನಗೆ ನಗು ಬಂತೆಂಬುದನ್ನು ಮುಚ್ಚಿಡಲಾರೆ. ಚೌಕಾಸಿ, ಹುಲ್ಲು ಎರಡರಲ್ಲೂ ನಾವು ಹಿಂದೆ ಬಿದ್ದವರಲ್ಲ. ಕಾರ್ಖಾನೆಯಿದ್ದ ಜಾಗ ಊರಿನ ಎಲ್ಲೆಯ ಹೊರಗಿತ್ತು. ಅದನ್ನು ಊರಿಗೆ ಸೇರಿಸಿ ತೆರಿಗೆಗೂ ನಿಯಮಕ್ಕೂ ಒಳಪಡಿಸಬೇಕೇ ಎಂದು 1997ರಲ್ಲಿ ಮತದಾನ ನಡೆದು, ಸೇರಿಸಬೇಕೆಂಬವರೇ ಗೆದ್ದರು. ಅಯೋವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಟೀಫನ್ ಬ್ಲೂಮ್ ಈ ತಿಕ್ಕಾಟವನ್ನೇ ವಸ್ತುವಾಗಿಸಿ 2000ದಲ್ಲಿ ಪ್ರಕಟಿಸಿದ ಪುಸ್ತಕದಿಂದ ಊರಿಗೆ ಮೊದಲ ಸಲ ದೇಶವ್ಯಾಪಿ ಹೆಸರು ಬಂತು. ಸ್ವತಃ ಯೆಹೂದ್ಯರಾದ ಬ್ಲೂಮ್ ಅವರ ಒಲವು ಹಳಬರ ಕಡೆಗಿತ್ತೆಂದು ಹಲವರ ಆಕ್ಷೇಪ. ನನ್ನ ಮಟ್ಟಿಗೆ ಆ ಪುಸ್ತಕದ ಕೊರತೆ ಬೇರೆ. ಹಳಬರು ಮತ್ತು ರಬ್ಬಿಗಳ ಜಟಾಪಟಿಯ ಹಿನ್ನೆಲೆಯಲ್ಲಿ ಚೂರಿ ಹಿಡಿದು ಸಾಲಿನಲ್ಲಿ ನಿಂತಿದ್ದವರಿಗೆ ಅದರಲ್ಲಿ ಸಿಕ್ಕ ಜಾಗ ಕಡಿಮೆ.

ಆ ಸಾಲಿನಲ್ಲಿ ಮೊದಲು ನಿಂತವರು ಕುಸಿದುಬಿದ್ದ ಸೋವಿಯತ್ ಒಕ್ಕೂಟದಿಂದ ಬಂದ ರಷ್ಯನರು, ಯುಕ್ರೇನಿನವರು. ಯುದ್ಧದಿಂದ ಓಡಿಬಂದ ಬೋಸ್ನಿಯಾದವರು. ಅವರ ಹಿಂದೆ ಮೆಕ್ಸಿಕೋದವರು. ಅವರ ಹಿಂದೆ ಗ್ವಾಟೆಮಾಲಾದವರು. 2000ದ ಗಣತಿಯಲ್ಲಿ ಊರಿನ ಜನ 2,273ಕ್ಕೆ ಏರಿತ್ತು, ಅಂದರೆ ಹತ್ತು ವರ್ಷಗಳಲ್ಲಿ 801 ಮಂದಿ ಹೆಚ್ಚು. ಒಟ್ಟು ಜನರಲ್ಲಿ ಐದನೆಯ ಒಂದು ಭಾಗ ಸ್ಪ್ಯಾನಿಷ್ ಮೂಲದವರು. ಸುತ್ತಲಿನ ಊರುಗಳು ಶಾಲೆ ಮುಚ್ಚುತ್ತಿದ್ದಾಗ ಇಲ್ಲಿ ಮಕ್ಕಳಿಗೆ ಕೊಠಡಿ ಸಾಲದಾಯಿತು. ‘ಹೋಮ್‌ಟೌನ್ ಟು ದಿ ವರ್ಲ್ಡ್’ ಎಂದು ಊರು ತನ್ನನ್ನು ಕರೆದುಕೊಂಡಿತು. ಜಗತ್ತಿಗೇ ತವರು ಎಂದು ನಾವು ಹೇಳಬಹುದು. 2003ರ ಡಿಸೆಂಬರ್‌ನಲ್ಲಿ ಊರಿನ ಇನ್ನೊಂದು ಕಾರ್ಖಾನೆ, ಟರ್ಕಿಕೋಳಿಯದು, ಬೆಂಕಿಗೆ ಆಹುತಿಯಾದ ಮೇಲಂತೂ ಊರಿನ ಬದುಕು ಅಗ್ರಿಪ್ರೊಸೆಸರ್ಸಿನ ಮೇಲೆಯೇ ನಿಂತಿತು.

ಗ್ವಾಟೆಮಾಲಾದವರಲ್ಲಿ ಬಹಳ ಮಂದಿ ಚಿಮಾಲ್ತೆನಾಂಗೊ ಪ್ರಾಂತದ ಎರಡೇ ಹಳ್ಳಿಗಳವರು: ಎಲ್ ರೊಸಾರಿಯೊ ಮತ್ತು ಸಾನ್ ಹೊಸೆ ಕಾಲ್ದೆರಾಸ್. 1976ರ ಭೂಕಂಪವನ್ನೂ 1996ರವರೆಗೆ ಮೂವತ್ತಾರು ವರ್ಷ ನಡೆದ ಅಂತರ್ಯುದ್ಧವನ್ನೂ ಕಂಡ ನೆಲವದು. ಕಾಕ್ಚಿಕೆಲ್ ಎಂಬ ಮಾಯಾ ಭಾಷೆ ಅಲ್ಲಿಯ ಅನೇಕರ ಮಾತೃಭಾಷೆ. ಸ್ಪ್ಯಾನಿಷ್ ಅವರಿಗೆ ಕಲಿತ ಭಾಷೆ, ಇಂಗ್ಲಿಷ್ ಕಿವಿಗೆ ಬಿದ್ದ ಸದ್ದು. ಒಬ್ಬ ಬಂದ, ತಮ್ಮನನ್ನು ಕರೆಸಿದ, ತಮ್ಮ ಭಾವಮೈದುನನನ್ನು ಕರೆಸಿದ. ನಮ್ಮಲ್ಲಿ ಉಡುಪಿಯ ಕಡೆಯವರು ಮುಂಬಯಿಗೆ ಹೋಗಿ ಹೋಟೆಲು ಕಟ್ಟಿದ್ದೂ ಹೀಗೆಯೇ ಅಲ್ಲವೆ?

2008ರ ಮೇ 12, ಸೋಮವಾರ. ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಊರಿನ ಮೇಲೆ ಹೆಲಿಕಾಪ್ಟರು ಸುತ್ತಿತು. ವಲಸೆ ಇಲಾಖೆಯ ಮತ್ತಿತರ ಸಂಸ್ಥೆಗಳ ಸುಮಾರು 900 ಮಂದಿ ಕಾರ್ಖಾನೆಯನ್ನು ಮುತ್ತಿದರು. ಅವರ ಕೈಯಲ್ಲಿ 697 ಮಂದಿಯ ಮೇಲೆ ವಾರಂಟುಗಳಿದ್ದವು. ಎರಡನೆಯ ಪಾಳಿಯವರು ಇನ್ನೂ ಬಂದಿರಲಿಲ್ಲವಾದ್ದರಿಂದ ಸಿಕ್ಕವರು 389 ಮಂದಿ: ಗ್ವಾಟೆಮಾಲಾದವರು 290, ಮೆಕ್ಸಿಕೋದವರು 93, ಯುಕ್ರೇನಿನವರು 4, ಇಸ್ರೇಲಿನವರು 2. ಅಮೆರಿಕದ ಚರಿತ್ರೆಯಲ್ಲಿ ಅದುವರೆಗೆ ಒಂದೇ ಸ್ಥಳದಲ್ಲಿ ನಡೆದ ಇಂಥ ದಾಳಿಗಳಲ್ಲಿ ಅದೇ ದೊಡ್ಡದೆಂದು ಸರ್ಕಾರವೇ ಹೇಳಿಕೊಂಡಿತು. ಊರಿನ ಒಟ್ಟು ಜನಸಂಖ್ಯೆಯ ಪಕ್ಕದಲ್ಲಿ ಈ ಅಂಕಿಯನ್ನಿಟ್ಟು ನೋಡಬೇಕು. ಸರಿಸುಮಾರು ಆರರಲ್ಲೊಂದು ಪಾಲು. ಉಳಿದವರಲ್ಲಿ ಎಷ್ಟೋ ಮಂದಿ ಸೇಂಟ್ ಬ್ರಿಜೆಟ್ ಚರ್ಚಿಗೆ ಓಡಿ, ಅಲ್ಲಿಯ ಬೆಂಚುಗಳ ಮೇಲೆ ಮಕ್ಕಳೊಡನೆ ರಾತ್ರಿಗಳನ್ನು ಕಳೆದರು. ಮರುದಿನ ಶಾಲೆಯಲ್ಲಿ ಸಾಲು ಸಾಲು ಕುರ್ಚಿಗಳು ಖಾಲಿ.

ಹಿಡಿದವರನ್ನು ಒಯ್ದದ್ದು ಸುಮಾರು 75 ಮೈಲಿ ದೂರದ ವಾಟರ್‌ಲೂಗೆ, ‘ನ್ಯಾಷನಲ್ ಕ್ಯಾಟಲ್ ಕಾಂಗ್ರೆಸ್’ ಎಂಬ ಮೈದಾನಕ್ಕೆ. ಅದು ವರ್ಷವರ್ಷವೂ ದನಗಳ ಜಾತ್ರೆ ನಡೆಯುವ ಜಾಗ. ಅಲ್ಲಿಯ ನೃತ್ಯಶಾಲೆಯೇ ನ್ಯಾಯಾಲಯವಾಯಿತು. ಕೈ, ಸೊಂಟ, ಕಾಲುಗಳಿಗೆ ಸರಪಣಿ ಬಿಗಿದು ಹತ್ತು ಹತ್ತು ಮಂದಿಯನ್ನು ಒಟ್ಟಿಗೆ ನ್ಯಾಯಾಧೀಶರ ಮುಂದೆ ತಂದರು. ಒಬ್ಬೊಬ್ಬ ವಕೀಲನಿಗೆ ಹದಿನೇಳರವರೆಗೂ ಕಕ್ಷಿಗಾರರು. ಹಿಂದೆ ಇಂಥ ಪ್ರಸಂಗಗಳಲ್ಲಿ ಕಾಗದವಿಲ್ಲದವರನ್ನು ಅವರ ದೇಶಕ್ಕೆ ಕಳುಹಿಸಿ ಸುಮ್ಮನಾಗುತ್ತಿದ್ದರು. ಈ ಸಲ ಬೇರೊಬ್ಬರ ಗುರುತನ್ನು ಕದ್ದ ಅಪರಾಧದ ಆರೋಪ ಹೊರಿಸುವ ಬೆದರಿಕೆ ಒಡ್ಡಲಾಯಿತು. ಅದಕ್ಕೆ ಕನಿಷ್ಠ ಎರಡು ವರ್ಷದ ಸೆರೆ. ಅದರ ಬದಲು ಸುಳ್ಳು ದಾಖಲೆ ಬಳಸಿದೆನೆಂದು ಒಪ್ಪಿಕೊಂಡರೆ ಐದು ತಿಂಗಳು, ಅನಂತರ ಗಡೀಪಾರು. ನಿರ್ಧರಿಸಲು ಏಳು ದಿನ. ಹೆಂಡತಿ ಮಕ್ಕಳನ್ನು ಬೇಗ ಸೇರಬೇಕೆಂಬ ಆತುರದಲ್ಲಿ ಬಹುತೇಕ ಎಲ್ಲರೂ ಒಪ್ಪಿದರು. 270 ಮಂದಿ ಸೆರೆಮನೆಗೆ ಹೋದರು. ಎಳೆಯ ಮಕ್ಕಳಿದ್ದ ತಾಯಂದಿರ ಕಾಲಿಗೆ ಇರುವು ತಿಳಿಸುವ ಯಂತ್ರದ ಕಡಗ ತೊಡಿಸಿ ಊರಿಗೆ ಬಿಟ್ಟರು. ದುಡಿಯುವಂತಿಲ್ಲ, ಊರು ಬಿಡುವಂತೆಯೂ ಇಲ್ಲ.

ಈ ವಿವರಗಳು ಹೊರಜಗತ್ತಿಗೆ ತಿಳಿದದ್ದು ಒಬ್ಬ ದುಭಾಷಿಯಿಂದ. ಎರಿಕ್ ಕಮಾಯ್ದ್-ಫ್ರೈಶಾಸ್ ಫ್ಲಾರಿಡಾದ ವಿಶ್ವವಿದ್ಯಾಲಯವೊಂದರ ಪ್ರಾಧ್ಯಾಪಕರು. ಆ ವಿಚಾರಣೆಗೆ ಸರ್ಕಾರ ಕರೆಸಿದ 26 ದುಭಾಷಿಗಳಲ್ಲಿ ಒಬ್ಬರು. ಕೇಳಿದ್ದನ್ನು ಇನ್ನೊಂದು ಭಾಷೆಗೆ ತಿರುಗಿಸುವುದಷ್ಟೇ ದುಭಾಷಿಯ ಧರ್ಮ, ಕೇಳಿದ್ದನ್ನು ಹೊರಗೆ ಹೇಳಬಾರದು ಎಂಬ ವೃತ್ತಿನಿಯಮವನ್ನು ಅವರು ಬಲ್ಲವರೇ. ಆದರೆ ಸೋಷಿಯಲ್ ಸೆಕ್ಯೂರಿಟಿ ನಂಬರ್ ಎಂದರೆ ಏನೆಂದೇ ತಿಳಿಯದ ಜನ ಅದನ್ನು ವಂಚನೆಗೆ ಬಳಸಿದೆವೆಂದು ತಪ್ಪೊಪ್ಪಿಕೊಳ್ಳುತ್ತಿರುವುದನ್ನು ಕಂಡು ಅವರಿಗೆ ಸುಮ್ಮನಿರಲಾಗಲಿಲ್ಲ. ಪ್ರಕರಣಗಳು ಮುಗಿದ ಮೇಲೆ ದೀರ್ಘ ಲೇಖನ ಬರೆದರು. ಜುಲೈ ತಿಂಗಳಲ್ಲಿ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ನುಡಿದರು. ಮರುವರ್ಷ, 2009ರ ಮೇ ತಿಂಗಳಲ್ಲಿ, ಬೇರೊಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸರ್ವಾನುಮತದಿಂದ ತೀರ್ಪಿತ್ತಿತು: ಆ ನಂಬರು ಇನ್ನೊಬ್ಬ ನಿಜವಾದ ವ್ಯಕ್ತಿಯದೆಂದು ಆರೋಪಿಗೆ ಗೊತ್ತಿತ್ತೆಂಬುದನ್ನು ಸರ್ಕಾರ ರುಜುವಾತುಪಡಿಸದೆ ಗುರುತು ಕದ್ದ ಆರೋಪ ನಿಲ್ಲದು. ಅಷ್ಟರಲ್ಲಿ ಪೋಸ್ಟ್‌ವಿಲ್ಲಿನವರು ಐದು ತಿಂಗಳನ್ನು ಕಳೆದು, ಗಡೀಪಾರಾಗಿ, ತಮ್ಮ ಹಳ್ಳಿಗಳಲ್ಲಿ ಸಾಲಗಾರರ ಮುಂದೆ ನಿಂತಿದ್ದರು.

ಕಾರ್ಖಾನೆಯ ಗತಿಯನ್ನು ಚಿಕ್ಕದಾಗಿ ಹೇಳುತ್ತೇನೆ. ಕೆಲಸದವರಿಲ್ಲದೆ ಪಾಲಾವ್ ದ್ವೀಪದಿಂದಲೂ ಟೆಕ್ಸಾಸಿನ ನಿರ್ವಸತಿಕರ ಆಶ್ರಯಗಳಿಂದಲೂ ಜನರನ್ನು ಕರೆತಂದರು. ಮಿನೆಸೋಟಾದಿಂದ ಸೊಮಾಲಿಗಳು ಬಂದರು. ನವೆಂಬರ್‌ನಲ್ಲಿ ಸಂಸ್ಥೆ ದಿವಾಳಿಯಾಯಿತು. ಅದನ್ನು ನಡೆಸುತ್ತಿದ್ದ ಮಗ ಶೋಲೋಮ್ ರುಬಾಶ್ಕಿನ್ 2009ರಲ್ಲಿ ಹಣಕಾಸಿನ ವಂಚನೆಯ 86 ಆರೋಪಗಳಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಗಿ, ಮರುವರ್ಷ 27 ವರ್ಷಗಳ ಶಿಕ್ಷೆಗೆ ಒಳಗಾದರು. ಬಾಲಕಾರ್ಮಿಕರ ಬಗೆಗಿನ ರಾಜ್ಯದ ಮೊಕದ್ದಮೆಯಲ್ಲಿ ನಿರ್ದೋಷಿಯೆಂದು ಬಿಡುಗಡೆಯಾದರು. ವಲಸೆ ಕಾನೂನಿನ ಆರೋಪಗಳನ್ನು ಸರ್ಕಾರವೇ ಕೈಬಿಟ್ಟಿತು. 27 ವರ್ಷ ಅತಿಯಾಯಿತೆಂದು ಅನೇಕ ನ್ಯಾಯವಿದರು ಹೇಳಿದರು. 2017ರ ಡಿಸೆಂಬರ್ 20ರಂದು ಅಧ್ಯಕ್ಷ ಟ್ರಂಪ್ ಅವರ ಶಿಕ್ಷೆಯನ್ನು ಕಡಿತಗೊಳಿಸಿದರು. ಕಾರ್ಖಾನೆಯನ್ನು 2009ರಲ್ಲಿ ಕೆನಡಾದ ಉದ್ಯಮಿಯೊಬ್ಬರು ಕೊಂಡು ‘ಅಗ್ರಿ ಸ್ಟಾರ್’ ಎಂಬ ಹೆಸರಿನಲ್ಲಿ ಮತ್ತೆ ಆರಂಭಿಸಿದರು.

ಈ ಕಥೆಯಲ್ಲಿ ನಮ್ಮ ಪಾತ್ರವೇನೂ ಇಲ್ಲವೆಂದು ಅಂದುಕೊಂಡಿದ್ದೆ. ಆಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಭಾರತೀಯರಿಗೆ ಈ ದೇಶದ ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಅದಕ್ಕೆ ಮೊದಲು ನಮ್ಮ ದೇಶಕ್ಕಿದ್ದ ವಾರ್ಷಿಕ ಪಾಲು ನೂರೇ ನೂರು. ಇಂಜಿನಿಯರು, ಡಾಕ್ಟರುಗಳಾಗಿ ಬಂದ ಮೊದಲ ತಲೆಮಾರಿನ ಕನ್ನಡಿಗರೆಲ್ಲ ಆ ಕಾನೂನಿನ ಮಕ್ಕಳು. ಅದೇ ಕಾನೂನು ಮೆಕ್ಸಿಕೋ, ಗ್ವಾಟೆಮಾಲಾಗಳನ್ನೊಳಗೊಂಡ ಪಶ್ಚಿಮ ಗೋಳಾರ್ಧಕ್ಕೆ ಮೊತ್ತಮೊದಲ ಬಾರಿ ವರ್ಷಕ್ಕೆ 1,20,000ದ ಮಿತಿ ಹಾಕಿತು. 1976ರಲ್ಲಿ ಒಂದೊಂದು ದೇಶಕ್ಕೆ 20,000ದ ಮಿತಿಯೂ ಬಂತು. ಅದುವರೆಗೆ ಬಂದು ದುಡಿದು ಹೋಗುತ್ತಿದ್ದವರು ಅಂದಿನಿಂದ ಕಳ್ಳರಾದರು. ‘ನಾವು ಸಾಲಿನಲ್ಲಿ ನಿಂತು ಬಂದವರು, ಅವರು ನುಗ್ಗಿದವರು’ ಎಂದು ನಮ್ಮ ಕೂಟಗಳಲ್ಲಿ ಮಾತು ಬಂದಾಗ ನಾನೂ ತಲೆಯಾಡಿಸಿದ್ದುಂಟು. ನಮಗೆ ಸಾಲು ಹಾಕಿದ ಕೈಯೇ ಅವರ ಸಾಲನ್ನು ಕತ್ತರಿಸಿತ್ತೆಂಬುದು ಆಗ ನನಗೆ ತಿಳಿದಿರಲಿಲ್ಲ.

2010ರ ಗಣತಿಯಲ್ಲಿ ಪೋಸ್ಟ್‌ವಿಲ್ಲಿನ ಜನಸಂಖ್ಯೆ 2,227. ಹತ್ತು ವರ್ಷದ ಹಿಂದಿನದಕ್ಕಿಂತ 46 ಮಾತ್ರ ಕಡಿಮೆ. ಏನೂ ನಡೆಯಲಿಲ್ಲವೇನೋ ಎಂಬಂತೆ ಕಾಣುವ ಈ ಅಂಕಿಯ ಒಳಗೆ ಎಷ್ಟು ಮನೆಗಳು ಖಾಲಿಯಾಗಿ ಮತ್ತೆ ತುಂಬಿದವೆಂಬುದನ್ನು ಗಣತಿಯ ಪುಸ್ತಕ ಹೇಳುವುದಿಲ್ಲ. ಗಡೀಪಾರಾದವರ ಸಂಸಾರಗಳಲ್ಲಿ ಕೆಲವರು ಅಪರಾಧಗಳಿಗೆ ಬಲಿಯಾದವರಿಗೆಂದು ಇರುವ ಯು-ವೀಸಾ ಪಡೆದು ನ್ಯಾಯವಾಗಿಯೇ ಹಿಂದಿರುಗಿದರು. ಗ್ವಾಟೆಮಾಲಾದ ನಿರ್ದೇಶಕ ಲೂಯಿಸ್ ಅರ್ಗೆಟಾ 2010ರಲ್ಲಿ ಈ ಜನರ ಬಗೆಗೆ ಸಾಕ್ಷ್ಯಚಿತ್ರ ತೆಗೆದರು. 2018ರ ಮೇ ತಿಂಗಳಲ್ಲಿ, ದಾಳಿಯ ಹತ್ತನೆಯ ವರ್ಷದ ನೆನಪಿಗೆ ಊರು ಸಿದ್ಧವಾಗುತ್ತಿದ್ದ ವಾರದಲ್ಲೇ, ಇದೇ ರಾಜ್ಯದ ಮೌಂಟ್ ಪ್ಲೆಸೆಂಟಿನ ಕಾಂಕ್ರೀಟ್ ಕಾರ್ಖಾನೆಯೊಂದರಲ್ಲಿ 32 ಮಂದಿಯನ್ನು ಹಿಡಿದರು.

ಕಳೆದ ಬಾರಿ ಉತ್ತರಕ್ಕೆ ಹೋಗುವಾಗ ಪೋಸ್ಟ್‌ವಿಲ್ಲಿನಲ್ಲಿ ಇಳಿದು ಒಂದು ಗಂಟೆ ಅಡ್ಡಾಡಿದೆ. ಶುಕ್ರವಾರದ ಮಧ್ಯಾಹ್ನ. ಕಪ್ಪು ಕೋಟಿನ ತಂದೆಯೊಬ್ಬ ಸಂಜೆಯ ಸಬ್ಬತ್ತಿಗೆ ಮುನ್ನ ಮನೆ ಸೇರುವ ಅವಸರದಲ್ಲಿ ಮೂರು ಮಕ್ಕಳನ್ನು ಎಳೆದುಕೊಂಡು ನಡೆಯುತ್ತಿದ್ದ. ತಲೆಗೆ ಬಣ್ಣದ ವಸ್ತ್ರ ಸುತ್ತಿದ ಸೊಮಾಲಿ ಹೆಂಗಸರಿಬ್ಬರು ಕಟ್ಟೆಯ ಮೇಲೆ ಕೂತಿದ್ದರು. ಅಂಗಡಿಯೊಂದರಲ್ಲಿ ತೋರ್ತಿಯಾದ ಕಟ್ಟು, ಒಣ ಮೆಣಸಿನಕಾಯಿ, ಹುಣಿಸೆಹಣ್ಣು ಇದ್ದವು, ಹುಣಿಸೆಹಣ್ಣು ಕೊಂಡೆ. ಗಲ್ಲೆಯಲ್ಲಿದ್ದ ಹುಡುಗಿ ನನ್ನನ್ನು ತನ್ನವನೆಂದು ತಿಳಿದು ಸ್ಪ್ಯಾನಿಷ್‌ನಲ್ಲಿ ಏನೋ ಕೇಳಿದಳು. ನಾನು ಇಂಗ್ಲಿಷಿನಲ್ಲಿ ಉತ್ತರಿಸಿದಾಗ ನಕ್ಕು, ಅಯೋವಾದವರ ಅಪ್ಪಟ ಉಚ್ಚಾರಣೆಯಲ್ಲಿ, ನೀವು ಎಲ್ಲಿಯವರು ಎಂದಳು. ಡುಬ್ಯೂಕ್ ಎಂದೆ. ಅದಲ್ಲ, ಮೊದಲು ಎಲ್ಲಿಯವರು ಎಂದಳು. ಹೇಳಿದೆ. ತಾನು ಇಲ್ಲಿಯವಳೇ ಎಂದಳು.